ಮಧುಮೇಹದ ಮರೆಯಲ್ಲಿ ಅಡಗುವ ಥೈರಾಯ್ಡ್ ತೊಂದರೆ



ಕಳೆದ ಜಾತ್ರೆಯ ದಿನಗಳಲ್ಲಿ ನಡೆದ ಆರೋಗ್ಯ ತಪಾಸಣೆಗೆ ಐವತ್ತೆಂಟು ವರ್ಷದ ತಾಯಿಯೊಬ್ಬರು ತಮ್ಮ ಮಗನೊಡನೆ ಬಂದಿದ್ದರು. ಎಂಟು ವರ್ಷಗಳಿಂದ ಅವರಿಗೆ ಎರಡನೆಯ ವಿಧದ ಮಧುಮೇಹ. ಹೊಲಮನೆಯ ಕೆಲಸದಲ್ಲಿ ಎಂದೂ ಹಿಂದೆ ಬೀಳದ ಆ ತಾಯಿ, ಒಂದು ವರ್ಷದಿಂದೀಚೆಗೆ ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೆ ಒರಗಿ ಕುಳಿತುಕೊಳ್ಳುವಂತಾಗಿತ್ತು. ಊಟ ಕಡಿಮೆಯಾಗಿದ್ದರೂ ಮೈತೂಕ ಆರು ಕಿಲೋಗ್ರಾಂ ಏರಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 7.2ರಿಂದ 8.1ಕ್ಕೆ ಹೋಗಿತ್ತು. ಅದನ್ನು ಕಂಡು ಸಕ್ಕರೆಯ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲಾಗಿತ್ತು. ಅದಾದ ಮೇಲೆ ಎರಡು ಬಾರಿ ನಸುಕಿನಲ್ಲಿ ಮೈಯೆಲ್ಲ ಬೆವರಿ, ಮಾತು ತೊದಲಿ, ಮನೆಯವರು ಗಾಬರಿಗೊಂಡಿದ್ದರು. ಎರಡನೆಯ ಸಲ ನೋಡಿದಾಗ ರಕ್ತದ ಸಕ್ಕರೆ 52ಕ್ಕೆ ಇಳಿದಿತ್ತು.

"ಅವ್ವ ಬಾಯಿ ಕಟ್ಟೂದಿಲ್ರೀ ಡಾಕ್ಟ್ರೇ, ಅದಕ್ಕ ಸಕ್ಕರಿ ಏರತೈತಿ, ತೂಕಾನೂ ಏರತೈತಿ" ಎಂದು ಮಗ ನೊಂದು ನುಡಿದ. ತಾಯಿ ನೆಲವನ್ನು ನೋಡುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿನ ಬಳಿಕ, "ನಾ ಏನೂ ತಿನ್ನಂಗಿಲ್ರೀ" ಎಂದಷ್ಟೇ ಹೇಳಿದರು.

ಅವರ ಮಾತು ನಿಜವಾಗಿತ್ತು. ಬೇಸಿಗೆಯಲ್ಲಿಯೂ ಹೊದ್ದಿದ್ದ ಶಾಲು, ಉಬ್ಬಿದ ಕಣ್ಣಿನ ರೆಪ್ಪೆಗಳು, ಒರಟಾದ ಚರ್ಮ, ಗಡುಸಾದ ಧ್ವನಿ ಇವೆಲ್ಲವೂ ಬೇರೊಂದು ದಿಕ್ಕನ್ನು ತೋರುತ್ತಿದ್ದವು. ರಕ್ತಪರೀಕ್ಷೆ ಮಾಡಿಸಿದಾಗ ಟಿ.ಎಸ್.ಎಚ್. ಪ್ರಮಾಣ 38 ಇತ್ತು. ಸಾಮಾನ್ಯವಾಗಿ ಅದು 4ರ ಆಸುಪಾಸನ್ನು ಮೀರಬಾರದು. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಮಂದವಾಗಿ ಬಹುಕಾಲವಾಗಿತ್ತು. ಆದರೆ ಎಲ್ಲರ ಕಣ್ಣೂ ಸಕ್ಕರೆಯ ಮೇಲೆಯೇ ನೆಟ್ಟಿದ್ದುದರಿಂದ ಅದು ಯಾರಿಗೂ ಕಾಣಿಸಿರಲಿಲ್ಲ.

ಮಧುಮೇಹವಿರುವ ವ್ಯಕ್ತಿಗೆ ಏನೇ ಆದರೂ ಅದನ್ನು ಮಧುಮೇಹದ ಲೆಕ್ಕಕ್ಕೆ ಸೇರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅದರ ಜೊತೆಗೆ "ಪಥ್ಯ ಮಾಡುತ್ತಿಲ್ಲ" ಎಂಬ ಆರೋಪವೂ ಸೇರಿಕೊಳ್ಳುತ್ತದೆ. ಮಧುಮೇಹಿಯ ದಣಿವೆಲ್ಲವೂ ಸಕ್ಕರೆಯಿಂದಲೇ ಬಂದದ್ದಲ್ಲ ಎಂಬುದನ್ನೂ, ರೋಗಿಯನ್ನು ದೂಷಿಸುವ ಮೊದಲು ಒಂದು ಸರಳ ರಕ್ತಪರೀಕ್ಷೆಯನ್ನು ನೆನೆಯಬೇಕೆಂಬುದನ್ನೂ ಈ ಸಂಚಿಕೆಯಲ್ಲಿ ಭಕ್ತಾದಿಗಳ ಗಮನಕ್ಕೆ ತರಬಯಸುತ್ತೇವೆ.

ಕೊರಳಿನ ಪುಟ್ಟ ಗ್ರಂಥಿ

ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯೇ ಥೈರಾಯ್ಡ್. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ ಮಾತ್ರ. ನಾವು ಸೇವಿಸುವ ಆಹಾರದಲ್ಲಿನ ಅಯೋಡಿನನ್ನು ಹೀರಿಕೊಂಡು ಇದು ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಟಿ4 ಅಥವಾ ಥೈರಾಕ್ಸಿನ್. ಮೂರು ಪರಮಾಣುಗಳಿರುವುದು ಟಿ3. ದೇಹದ ಜೀವಕೋಶಗಳು ಎಷ್ಟು ವೇಗವಾಗಿ ದುಡಿಯಬೇಕು, ಎಷ್ಟು ಶಾಖವನ್ನು ಹುಟ್ಟಿಸಬೇಕು, ಹೃದಯ ಎಷ್ಟು ಬಾರಿ ಮಿಡಿಯಬೇಕು, ಕರುಳು ಎಷ್ಟು ಚುರುಕಾಗಿ ಚಲಿಸಬೇಕು ಎಂಬುದನ್ನೆಲ್ಲ ಇವು ನಿರ್ಧರಿಸುತ್ತವೆ. ಒಲೆಯ ಉರಿಯನ್ನು ಹದವಾಗಿಡುವ ಗೃಹಿಣಿಯಂತೆ ಈ ಗ್ರಂಥಿ ಕೆಲಸಮಾಡುತ್ತದೆ.

ಗ್ರಂಥಿಯ ಮೇಲೆ ಮೇಲ್ವಿಚಾರಣೆಯೂ ಉಂಟು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದುದನ್ನು ಅರಿತೊಡನೆ ಟಿ.ಎಸ್.ಎಚ್. ಎಂಬ ಪ್ರಚೋದಕ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಹೆಚ್ಚಾದಾಗ ಅದನ್ನು ತಗ್ಗಿಸುತ್ತದೆ. ಆದುದರಿಂದಲೇ ಟಿ.ಎಸ್.ಎಚ್. ಏರಿದ್ದರೆ ಥೈರಾಯ್ಡ್ ಮಂದವಾಗಿದೆಯೆಂದೂ, ತೀರ ಇಳಿದಿದ್ದರೆ ಥೈರಾಯ್ಡ್ ಅತಿಯಾಗಿ ದುಡಿಯುತ್ತಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ವರದಿಯನ್ನು ಮೊದಲ ಬಾರಿಗೆ ನೋಡುವವರು ಅಂಕಿ ಹೆಚ್ಚಿದ್ದರೆ ಗ್ರಂಥಿಯೂ ಹೆಚ್ಚು ಕೆಲಸ ಮಾಡುತ್ತಿದೆಯೆಂದು ಭಾವಿಸುವುದುಂಟು. ವಾಸ್ತವವು ಅದಕ್ಕೆ ತದ್ವಿರುದ್ಧ.

ಎರಡು ಕಾಯಿಲೆಗಳು ಜೊತೆಗೂಡುವುದೇಕೆ?

ನಮ್ಮ ದೇಶದಲ್ಲಿ ಇವೆರಡೂ ಬಹು ವ್ಯಾಪಕವಾದ ಕಾಯಿಲೆಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಯಲ್ಲಿ ಥೈರಾಯ್ಡ್ ಮಾಂದ್ಯವನ್ನು ಕಂಡಿತು. ವಯಸ್ಸು ಹೆಚ್ಚಿದಂತೆ ಎರಡೂ ಹೆಚ್ಚುತ್ತವೆ. ಹೀಗಿರುವಾಗ ಒಂದೇ ದೇಹದಲ್ಲಿ ಇವೆರಡೂ ಸಂಧಿಸುವುದು ಆಶ್ಚರ್ಯವಲ್ಲ.

ಮೊದಲನೆಯ ವಿಧದ ಮಧುಮೇಹದಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳ ಮೇಲೆ ಎರಗುತ್ತದೆ. ಅದೇ ತಪ್ಪು ಥೈರಾಯ್ಡ್ ಗ್ರಂಥಿಯ ಮೇಲೂ ನಡೆಯಬಹುದು. ಥೈರಾಯ್ಡಿನ ಮೇಲೆ ನಡೆಯುವ ಈ ಬಗೆಯ ದಾಳಿಯನ್ನು ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಮೊದಲು ವಿವರಿಸಿದುದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಎರಡನೆಯ ವಿಧದ ಮಧುಮೇಹವು ಇಂತಹ ದಾಳಿಯಿಂದ ಬರುವುದಲ್ಲ. ಆದರೂ ಕೃಶಶರೀರದ ಕೆಲವರಿಗೆ ನಡುವಯಸ್ಸಿನಲ್ಲಿ ಮಧುಮೇಹ ಬಂದು, ಮಾತ್ರೆಗಳು ಬೇಗನೆ ಸೋತು, ಇನ್ಸುಲಿನ್ ಬೇಕಾಗುತ್ತದೆ. ಎರಡನೆಯ ವಿಧವೆಂದು ಕರೆಸಿಕೊಂಡಿದ್ದರೂ ಅಂತಹವರಲ್ಲಿ ಒಳಗಿನ ಕಾರಣ ಮೊದಲನೆಯ ವಿಧದ್ದೇ ಆಗಿರಬಹುದು. ಅವರು ಥೈರಾಯ್ಡ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು.

ಗ್ರಂಥಿ ಮಂದವಾದಾಗ

ಥೈರಾಯ್ಡ್ ಮಾಂದ್ಯದ ಲಕ್ಷಣಗಳು ಒಂದೇ ದಿನದಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ದಣಿವು, ತೂಕದ ಏರಿಕೆ, ಚಳಿಯನ್ನು ತಾಳಲಾರದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವಿಕೆ, ಮುಖ ಮತ್ತು ಕಾಲುಗಳ ಬಾವು, ನಿಧಾನಗತಿಯ ನಾಡಿ, ಮರೆವು, ಮನಸ್ಸಿನ ಮಂಕು, ಸ್ತ್ರೀಯರಲ್ಲಿ ಅತಿಯಾದ ಮುಟ್ಟಿನ ಸ್ರಾವ ಇವು ಮುಖ್ಯವಾದವು. ಈ ಪಟ್ಟಿಯನ್ನು ಓದಿದ ಯಾವ ಮಧುಮೇಹಿಯಾದರೂ "ಇದರಲ್ಲಿ ಅರ್ಧದಷ್ಟು ನನಗೆ ಮೊದಲಿನಿಂದಲೂ ಇದೆಯಲ್ಲ" ಎನ್ನಬಹುದು. ರೋಗ ಗುರುತಿಸುವಲ್ಲಿನ ತೊಡಕು ಇರುವುದೂ ಇಲ್ಲಿಯೇ. ಮಧುಮೇಹದಲ್ಲಿ ಕಾಣುವ ಭುಜದ ಬಿಗಿತ, ಕೈಬೆರಳುಗಳ ಜೋಮು ಮುಂತಾದವು ಥೈರಾಯ್ಡ್ ಮಾಂದ್ಯದಲ್ಲಿಯೂ ಕಾಣುತ್ತವೆ.

ಲಕ್ಷಣಗಳಲ್ಲದೆ ಸಕ್ಕರೆಯ ಲೆಕ್ಕಾಚಾರವೂ ತಲೆಕೆಳಗಾಗುತ್ತದೆ. ಗ್ರಂಥಿ ಮಂದವಾದಾಗ ಕರುಳು ಸಕ್ಕರೆಯನ್ನು ನಿಧಾನವಾಗಿ ಹೀರುತ್ತದೆ; ಯಕೃತ್ತು ಹೊಸ ಸಕ್ಕರೆಯನ್ನು ಕಡಿಮೆ ತಯಾರಿಸುತ್ತದೆ; ದೇಹದಲ್ಲಿ ಸೇರಿದ ಇನ್ಸುಲಿನ್ ಬೇಗ ಕರಗುವುದಿಲ್ಲ. ಇದರಿಂದಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿಯೂ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳಂತಹ ಇನ್ಸುಲಿನ್ ಸ್ರವಿಸುವಂತೆ ಮಾಡುವ ಮಾತ್ರೆ ಸೇವಿಸುವವರಲ್ಲಿಯೂ ಸಕ್ಕರೆ ಹಠಾತ್ತನೆ ಕುಸಿಯುವ ಭಯವಿರುತ್ತದೆ. ಮೊದಲಿನ ಪ್ರಮಾಣದ ಔಷಧಕ್ಕೇ ಸಕ್ಕರೆ ಪದೇ ಪದೇ ಇಳಿಯತೊಡಗಿದರೆ ಮೂತ್ರಪಿಂಡಗಳ ಪರೀಕ್ಷೆಯ ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು.

ಇದಕ್ಕೆ ವಿರುದ್ಧವಾಗಿ ಎಚ್‌ಬಿಎ1ಸಿ ಮಾತ್ರ ಇದ್ದುದಕ್ಕಿಂತ ಹೆಚ್ಚಾಗಿ ತೋರಬಹುದು. ಈ ಪರೀಕ್ಷೆಯು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಥೈರಾಯ್ಡ್ ಮಾಂದ್ಯದಲ್ಲಿ ಹೊಸ ರಕ್ತಕಣಗಳ ಹುಟ್ಟು ನಿಧಾನವಾಗುವುದರಿಂದ ಹಳೆಯ ಕಣಗಳೇ ಹೆಚ್ಚಾಗಿರುತ್ತವೆ; ಹಳೆಯ ಕಣಗಳಿಗೆ ಸಕ್ಕರೆ ಹೆಚ್ಚು ಕಾಲ ಅಂಟಿರುತ್ತದೆ. ಆಗ ಸಕ್ಕರೆ ನಿಜವಾಗಿ ಏರದಿದ್ದರೂ ಅಂಕಿ ಏರುತ್ತದೆ. ಮೊದಲು ಹೇಳಿದ ತಾಯಿಯ ವಿಷಯದಲ್ಲಿ ನಡೆದುದು ಇದೇ. ಅಂಕಿಯನ್ನು ನಂಬಿ ಔಷಧ ಏರಿಸಲಾಯಿತು. ಔಷಧ ಏರಿದುದರಿಂದ ಸಕ್ಕರೆ ಕುಸಿಯಿತು. ಮನೆಯಲ್ಲಿ ಗ್ಲುಕೋಮೀಟರಿನಿಂದ ನೋಡಿದ ಸಕ್ಕರೆಗೂ ಎಚ್‌ಬಿಎ1ಸಿಗೂ ಹೊಂದಿಕೆಯಾಗದಿದ್ದರೆ ಅದನ್ನು ವೈದ್ಯರ ಗಮನಕ್ಕೆ ತಪ್ಪದೆ ತರಬೇಕು.

ಹೃದಯದ ವಿಷಯವೂ ಇದೆ. ಥೈರಾಯ್ಡ್ ಮಾಂದ್ಯದಲ್ಲಿ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಮಧುಮೇಹವು ತಾನಾಗಿಯೇ ಹೃದಯದ ರಕ್ತನಾಳಗಳಿಗೆ ಅಪಾಯಕಾರಿ. ಅದರ ಮೇಲೆ ಇದೂ ಸೇರಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಮಾಂಸಖಂಡಗಳ ನೋವು ಬರುವ ಸಂಭವವೂ ಚಿಕಿತ್ಸೆ ಪಡೆಯದ ಥೈರಾಯ್ಡ್ ಮಾಂದ್ಯದಲ್ಲಿ ಅಧಿಕ.

ಗ್ರಂಥಿ ಅತಿಯಾಗಿ ದುಡಿದಾಗ

ಮಾಂದ್ಯದಷ್ಟು ಸಾಮಾನ್ಯವಲ್ಲದಿದ್ದರೂ ಥೈರಾಯ್ಡ್ ಅತಿಸ್ರಾವವು ಮಧುಮೇಹಿಯನ್ನು ಬೇಗನೆ ಕಂಗೆಡಿಸುತ್ತದೆ. ಆಗ ಯಕೃತ್ತು ಸಕ್ಕರೆಯನ್ನು ಅತಿಯಾಗಿ ಉತ್ಪಾದಿಸುತ್ತದೆ, ಇನ್ಸುಲಿನ್ ಬೇಗ ನಾಶವಾಗುತ್ತದೆ. ಅದುವರೆಗೆ ಹತೋಟಿಯಲ್ಲಿದ್ದ ಸಕ್ಕರೆಯು ಕಾರಣವಿಲ್ಲದೆ ಏರತೊಡಗುತ್ತದೆ. ಹಸಿವು ಚೆನ್ನಾಗಿದ್ದರೂ ಮೈ ಇಳಿಯುತ್ತದೆ. ಎದೆ ಡವಗುಟ್ಟುವುದು, ಕೈನಡುಕ, ಬೆವರು, ನಿದ್ರಾಹೀನತೆ, ಬಾರಿ ಬಾರಿ ಶೌಚ, ಕೆಲವರಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಾಣುವುದು ಇದರ ಲಕ್ಷಣಗಳು.

ಇಲ್ಲಿಯೂ ಒಂದು ಮೋಸವಿದೆ. ನಡುಕ, ಬೆವರು, ಎದೆಬಡಿತ ಕಂಡೊಡನೆ ಸಕ್ಕರೆ ಇಳಿಯಿತೆಂದು ಭಾವಿಸಿ ಬೆಲ್ಲವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. ಸಕ್ಕರೆ ಇಳಿದಿರುವ ಸಾಧ್ಯತೆಯಿರುವುದರಿಂದ, ನೋಡುವ ಸಾಧನ ಕೈಯಲ್ಲಿಲ್ಲದಾಗ ಹಾಗೆ ಮಾಡುವುದು ತಪ್ಪಲ್ಲ. ಆದರೆ ಗ್ಲುಕೋಮೀಟರಿನಿಂದ ನೋಡಿದಾಗಲೆಲ್ಲ ಸಕ್ಕರೆ ಹೆಚ್ಚಾಗಿಯೇ ಇದ್ದು ಈ ಲಕ್ಷಣಗಳು ಮುಂದುವರಿದರೆ ಥೈರಾಯ್ಡನ್ನು ಪರೀಕ್ಷಿಸಬೇಕು. ವೃದ್ಧರಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣದೆ, ಬರಿಯ ಕೃಶತೆಯಾಗಿಯೋ ಹೃದಯದ ತಾಳತಪ್ಪಿದ ಬಡಿತವಾಗಿಯೋ ಪ್ರಕಟವಾಗುವುದುಂಟು. ಅದನ್ನು ನಿರ್ಲಕ್ಷಿಸಿದರೆ ಪಾರ್ಶ್ವವಾಯುವಿಗೂ ದಾರಿಯಾಗಬಹುದು.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ಮೊದಲನೆಯ ವಿಧದ ಮಧುಮೇಹಿಗಳೆಲ್ಲರೂ ರೋಗ ಪತ್ತೆಯಾದ ಹೊಸತರಲ್ಲಿಯೇ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು, ಮುಂದೆಯೂ ಕಾಲಕಾಲಕ್ಕೆ ಮಾಡಿಸುತ್ತಿರಬೇಕೆಂಬುದು ತಜ್ಞರ ಸಮ್ಮತ ಅಭಿಪ್ರಾಯ. ಎರಡನೆಯ ವಿಧದವರೆಲ್ಲರಿಗೂ ಇದು ಅಗತ್ಯವೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಕೆಳಗಿನ ಸಂದರ್ಭಗಳಲ್ಲಿ ತಡಮಾಡದಿರುವುದು ಲೇಸು:

1. ಕಾರಣ ತಿಳಿಯದ ದಣಿವು, ತೂಕದ ಏರಿಕೆ ಅಥವಾ ಇಳಿಕೆ.
2. ಪದೇ ಪದೇ ಸಕ್ಕರೆ ಕುಸಿಯುವುದು, ಅಥವಾ ಹತೋಟಿಯಲ್ಲಿದ್ದ ಸಕ್ಕರೆ ಹಠಾತ್ತನೆ ಏರುವುದು.
3. ಕೊಲೆಸ್ಟರಾಲ್ ಅನಿರೀಕ್ಷಿತವಾಗಿ ಹೆಚ್ಚಿರುವುದು.
4. ಕೊರಳಿನಲ್ಲಿ ಬಾವು ಅಥವಾ ಗಂಟು ಕಾಣಿಸುವುದು.
5. ತಾಯಿ, ಅಕ್ಕತಂಗಿಯರು ಮುಂತಾದ ರಕ್ತಸಂಬಂಧಿಗಳಲ್ಲಿ ಥೈರಾಯ್ಡ್ ಕಾಯಿಲೆಯಿರುವುದು.
6. ಐವತ್ತು ದಾಟಿದ ಮಹಿಳೆಯರು, ಹಾಗೂ ಗರ್ಭಧಾರಣೆಯನ್ನು ಬಯಸುವ ಮಧುಮೇಹಿ ಸ್ತ್ರೀಯರು.

ಟಿ.ಎಸ್.ಎಚ್. ಪರೀಕ್ಷೆಗೆ ಉಪವಾಸವಿರಬೇಕಾಗಿಲ್ಲ. ಕಾಲು ಜೋಮು ಹಿಡಿಯುವುದಕ್ಕೆಂದೋ ಕೂದಲು ಉದುರುವುದಕ್ಕೆಂದೋ ನುಂಗುವ ಜೀವಸತ್ವದ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಅಂಶವಿರುತ್ತದೆ. ಅದರ ಪ್ರಮಾಣ ಹೆಚ್ಚಿದ್ದರೆ ಪ್ರಯೋಗಾಲಯದ ಅಳತೆ ತಪ್ಪಿ, ಇಲ್ಲದ ಅತಿಸ್ರಾವವನ್ನು ತೋರಿಸಬಹುದು. ಆದಕಾರಣ ರಕ್ತ ಕೊಡುವ ಎರಡು ದಿನ ಮೊದಲೇ ಅಂತಹ ಮಾತ್ರೆಯನ್ನು ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಜ್ವರ, ಶಸ್ತ್ರಚಿಕಿತ್ಸೆ, ತೀವ್ರ ಸೋಂಕುಗಳಿರುವಾಗಲೂ ಫಲಿತಾಂಶ ವ್ಯತ್ಯಾಸವಾಗುತ್ತದೆ. ತುರ್ತಿಲ್ಲದಿದ್ದರೆ ಚೇತರಿಸಿಕೊಂಡ ಅನಂತರ ಮಾಡಿಸುವುದು ಒಳಿತು.

ದಣಿವಿಗೆ ಥೈರಾಯ್ಡ್ ಒಂದೇ ಕಾರಣವೆಂದೂ ತಿಳಿಯಬಾರದು. ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಸಸ್ಯಾಹಾರಿಗಳಾದ ನಮ್ಮ ಭಕ್ತರಲ್ಲಿ ಆ ಸಂಭವ ಹೆಚ್ಚು. ರಕ್ತಹೀನತೆ, ಮೂತ್ರಪಿಂಡದ ದೌರ್ಬಲ್ಯ, ಮನಸ್ಸಿನ ಖಿನ್ನತೆ ಇವುಗಳನ್ನೂ ಜೊತೆಯಲ್ಲಿಯೇ ಪರಿಶೀಲಿಸಬೇಕು.

ವರದಿಯನ್ನು ಓದುವ ಬಗೆ

ಟಿ.ಎಸ್.ಎಚ್. ಏರಿ ಟಿ4 ಇಳಿದಿದ್ದರೆ ಮಾಂದ್ಯ ಖಚಿತ. ಚಿಕಿತ್ಸೆ ಬೇಕೇ ಬೇಕು. ಆದರೆ ಅನೇಕರಲ್ಲಿ ಟಿ.ಎಸ್.ಎಚ್. 5, 6, 8ರ ಆಸುಪಾಸಿನಲ್ಲಿದ್ದು ಟಿ4 ಸರಿಯಾಗಿಯೇ ಇರುತ್ತದೆ. ಇದು ಹೊಸ್ತಿಲ ಮೇಲಿನ ಸ್ಥಿತಿ. ಇಂತಹವರೆಲ್ಲರೂ ಮಾತ್ರೆ ನುಂಗಬೇಕಾಗಿಲ್ಲ. ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಕೆಲವರಲ್ಲಿ ಅದು ತಾನಾಗಿಯೇ ಸರಿಹೋಗಿರುತ್ತದೆ. ಎಪ್ಪತ್ತು ದಾಟಿದ ಹಿರಿಯರಲ್ಲಿ ವಯಸ್ಸಿಗೆ ಸಹಜವಾಗಿಯೇ ಅಂಕಿ ಸ್ವಲ್ಪ ಹೆಚ್ಚಿರುವುದರಿಂದ ಅವಸರದ ಚಿಕಿತ್ಸೆಯೇ ಹಾನಿ ಮಾಡಬಹುದು. ಅಂಕಿ 10ನ್ನು ಮೀರಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಆರಂಭಿಸುತ್ತಾರೆ. ನಡುವಿನ ಅಂಕಿಯವರಲ್ಲಿ ವಯಸ್ಸು, ಲಕ್ಷಣ, ಹೃದಯದ ಸ್ಥಿತಿ, ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳಿವೆಯೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಗರ್ಭಿಣಿಯರ ಲೆಕ್ಕವೇ ಬೇರೆ. ಅವರು ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಮಾತ್ರೆ ಸೇವಿಸುವ ಕ್ರಮ

ಥೈರಾಯ್ಡ್ ಮಾಂದ್ಯಕ್ಕೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯು ದೇಹವೇ ತಯಾರಿಸಬೇಕಾಗಿದ್ದ ಹಾರ್ಮೋನಿನ ಪ್ರತಿರೂಪ. ಕೊರತೆಯನ್ನು ತುಂಬುವುದಷ್ಟೇ ಅದರ ಕೆಲಸ. "ಒಮ್ಮೆ ಶುರುವಾದರೆ ಚಟವಾಗುತ್ತದೆ" ಎಂಬ ಮಾತಿಗೆ ಆಧಾರವಿಲ್ಲ. ಬಾವಿಯಲ್ಲಿ ನೀರು ಬತ್ತಿದಾಗ ಹೊರಗಿನಿಂದ ನೀರು ತರುವುದನ್ನು ಯಾರೂ ಚಟವೆನ್ನುವುದಿಲ್ಲ.

ಈ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಬರಿಯ ನೀರಿನೊಡನೆ ಸೇವಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಹಾ, ಕಾಫಿ, ಹಾಲು, ಉಪಾಹಾರ ಯಾವುದನ್ನೂ ತೆಗೆದುಕೊಳ್ಳಬಾರದು. ಇಲ್ಲಿ ನಮ್ಮ ಭಕ್ತರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಷ್ಟಲಿಂಗ ಪೂಜೆಗೆ ಮೊದಲು ಹನಿ ನೀರನ್ನೂ ಮುಟ್ಟದ ನೇಮದವರು ಏನು ಮಾಡಬೇಕು? ನೇಮವನ್ನು ಮುರಿಯಬೇಕಾದ ಪ್ರಸಂಗವೇ ಇಲ್ಲ. ಪೂಜೆ ಮುಗಿದೊಡನೆ ಮಾತ್ರೆಯನ್ನು ನೀರಿನೊಡನೆ ನುಂಗಿ, ಹಾಲು, ಹಣ್ಣು, ಪ್ರಸಾದಗಳನ್ನು ಒಂದು ಗಂಟೆಯ ಬಳಿಕ ಸ್ವೀಕರಿಸಿದರಾಯಿತು. ಪೂಜೆ ತಡವಾಗುವವರು, ರಾತ್ರಿಯ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ಸೇವಿಸಬಹುದು. ಯಾವ ಹೊತ್ತನ್ನು ಆರಿಸಿಕೊಂಡರೂ ಪ್ರತಿದಿನವೂ ಅದೇ ಹೊತ್ತನ್ನು ಪಾಲಿಸಬೇಕು.

ಬೆಳಗಿನ ಸಕ್ಕರೆ ಮಾತ್ರೆಗಳನ್ನೂ ಇದರೊಡನೆ ಒಟ್ಟಿಗೆ ನುಂಗುವ ಅಭ್ಯಾಸ ಕೆಲವರಲ್ಲಿದೆ. ಇನ್ಸುಲಿನ್ ಸ್ರವಿಸುವಂತೆ ಮಾಡುವ ಮಾತ್ರೆಯನ್ನು ನುಂಗಿ ಒಂದು ಗಂಟೆ ಉಪವಾಸವಿದ್ದರೆ ಸಕ್ಕರೆ ಕುಸಿದೀತು. ಅದನ್ನು ಉಪಾಹಾರದ ಹೊತ್ತಿಗೇ ಇಟ್ಟುಕೊಳ್ಳಬೇಕು. ಕಬ್ಬಿಣಾಂಶ, ಸುಣ್ಣದಂಶ ಮತ್ತು ಆಮ್ಲಪಿತ್ತದ ಔಷಧಗಳು ಥೈರಾಕ್ಸಿನನ್ನು ಕರುಳಿನಲ್ಲಿಯೇ ಹಿಡಿದಿಡುವುದರಿಂದ ಅವುಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು.

ಶಿವರಾತ್ರಿಯಂತಹ ಉಪವಾಸದ ದಿನಗಳಲ್ಲಿ ಥೈರಾಯ್ಡ್ ಮಾತ್ರೆಯನ್ನು ಬಿಡಬೇಕಾಗಿಲ್ಲ. ಅದು ಊಟವನ್ನು ಅವಲಂಬಿಸಿಲ್ಲ. ಆದರೆ ಸಕ್ಕರೆಯ ಮಾತ್ರೆ, ಇನ್ಸುಲಿನ್‌ಗಳನ್ನು ಎಂದಿನ ಪ್ರಮಾಣದಲ್ಲಿ ತೆಗೆದುಕೊಂಡು ಉಪವಾಸ ಮಾಡುವುದು ಅಪಾಯ. ಉಪವಾಸಕ್ಕೆ ಕೆಲವು ದಿನ ಮೊದಲೇ ವೈದ್ಯರೊಡನೆ ಮಾತನಾಡಬೇಕು.

ಹೃದ್ರೋಗವಿರುವವರಲ್ಲಿಯೂ ವೃದ್ಧರಲ್ಲಿಯೂ ದಿನಕ್ಕೆ 12.5 ಅಥವಾ 25 ಮೈಕ್ರೊಗ್ರಾಂನಂತಹ ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ. ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಗಳ ಬಳಿಕವೇ ಟಿ.ಎಸ್.ಎಚ್. ನೋಡುವುದು ಸರಿ, ಅದಕ್ಕೂ ಮುನ್ನ ನೋಡಿದರೆ ನಿಜಸ್ಥಿತಿ ತಿಳಿಯದು. ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಗ್ರಂಥಿಯ ಕೊರತೆ ತುಂಬಿದಂತೆ ದೇಹದ ಚಟುವಟಿಕೆ ಚುರುಕಾಗಿ ಸಕ್ಕರೆಯ ಔಷಧದ ಅಗತ್ಯವೂ ಬದಲಾಗಬಹುದು. ಆ ತಿಂಗಳುಗಳಲ್ಲಿ ಸಕ್ಕರೆಯನ್ನು ಹೆಚ್ಚು ಬಾರಿ ನೋಡಿಕೊಳ್ಳಬೇಕು. ಸಕ್ಕರೆಗೂ ಥೈರಾಯ್ಡಿಗೂ ಬೇರೆ ಬೇರೆ ವೈದ್ಯರಿದ್ದರೆ ಇಬ್ಬರಿಗೂ ಎಲ್ಲ ಚೀಟಿಗಳನ್ನೂ ತೋರಿಸಬೇಕು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡಿನ ಮೆಡುಲ್ಲರಿ ಎಂಬ ಬಗೆಯ ಕ್ಯಾನ್ಸರ್ ಬಂದಿದ್ದರೆ ಅದನ್ನೂ ತಿಳಿಸಬೇಕು. ಸೆಮಾಗ್ಲುಟೈಡ್‌ನಂತಹ ಹೊಸ ಮಧುಮೇಹದ ಔಷಧಗಳನ್ನು ಅಂತಹವರಿಗೆ ಕೊಡುವುದಿಲ್ಲ.

ಉಪ್ಪು ಮತ್ತು ಆಹಾರ

ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಆರಂಭಿಸಿದ ಅಧ್ಯಯನವು, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡವನ್ನು ತಡೆಯಬಹುದೆಂದು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಇಂದು ನಾವು ಅಂಗಡಿಯಿಂದ ತರುವ ಅಯೋಡಿನ್‌ಯುಕ್ತ ಉಪ್ಪಿನ ಹಿಂದೆ ಈ ಚರಿತ್ರೆಯಿದೆ. ಈಚೆಗೆ ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣವನ್ನೇ ಬಳಸುವ ಮನೆಗಳು ಹೆಚ್ಚುತ್ತಿವೆ. ಅಯೋಡಿನ್ ಬೆರೆಸದ ಅಂತಹ ಉಪ್ಪಿನಿಂದ ದೇಹಕ್ಕೆ ಬೇಕಾದಷ್ಟು ಅಯೋಡಿನ್ ಸಿಗದು. ರಕ್ತದೊತ್ತಡವಿರುವ ಮಧುಮೇಹಿಯು ಉಪ್ಪನ್ನು ಕಡಿಮೆ ಮಾಡಲೇಬೇಕು. ಬಳಸುವ ಅಷ್ಟೇ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅಡುಗೆಯ ಕೊನೆಯಲ್ಲಿ ಹಾಕುವುದು ಉತ್ತಮ. ಹಾಗೆಂದು ಅಯೋಡಿನ್ ಗುಳಿಗೆಗಳನ್ನು ತಾವಾಗಿಯೇ ನುಂಗಬಾರದು. ಅತಿಯಾದ ಅಯೋಡಿನ್ ಕೂಡ ಗ್ರಂಥಿಯನ್ನು ಕೆಡಿಸುತ್ತದೆ.

ಎಲೆಕೋಸು, ಹೂಕೋಸು, ಸಜ್ಜೆಗಳನ್ನು ಥೈರಾಯ್ಡ್ ಇರುವವರು ಮುಟ್ಟಲೇಬಾರದೆಂಬ ಭಯ ಹಲವರಲ್ಲಿದೆ. ಇವುಗಳಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಕೆಲವು ಅಂಶಗಳಿರುವುದು ನಿಜ. ಆದರೆ ಅಯೋಡಿನ್ ಕೊರತೆಯಿಲ್ಲದವರು ಬೇಯಿಸಿದ ಕೋಸಿನ ಪಲ್ಯವನ್ನೋ, ಸಂಕ್ರಾಂತಿಯ ಸಜ್ಜೆ ರೊಟ್ಟಿಯನ್ನೋ ಹಿತಮಿತವಾಗಿ ತಿಂದರೆ ಹಾನಿಯಿಲ್ಲ. ತರಕಾರಿಗಳನ್ನು ಬಿಟ್ಟು ಅನ್ನವನ್ನು ಹೆಚ್ಚಿಸಿಕೊಂಡರೆ ಮಧುಮೇಹಿಗೆ ಆಗುವ ನಷ್ಟವೇ ದೊಡ್ಡದು. ಜೋಳದ ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆಯ ನಮ್ಮ ಊಟವು ಎರಡು ಕಾಯಿಲೆಗಳಿಗೂ ಹೊಂದುತ್ತದೆ.

ಬೇರು, ಚೂರ್ಣ, ಕಷಾಯಗಳಿಂದ ಥೈರಾಯ್ಡನ್ನು ಬುಡಸಮೇತ ಕೀಳುತ್ತೇವೆಂದು ಹೇಳಿ ಮಾತ್ರೆ ಬಿಡಿಸುವವರ ಮಾತಿಗೆ ಕಿವಿಗೊಡಬಾರದು. ಅಶ್ವಗಂಧದಂತಹ ಮೂಲಿಕೆಯೂ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಿದ ನಿದರ್ಶನಗಳಿವೆ. ಅದನ್ನು ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆಯನ್ನು ಬಹುಕಾಲ ಬಿಟ್ಟವರಲ್ಲಿ, ಅದರಲ್ಲಿಯೂ ಚಳಿಗಾಲದಲ್ಲಿ ಅಥವಾ ಸೋಂಕು ತಗುಲಿದಾಗ, ಮೈ ತಣ್ಣಗಾಗಿ, ಎಚ್ಚರಿಸಿದರೂ ಏಳದಂತಹ ಮಂಪರು ಬಂದರೆ ಅದು ಪ್ರಾಣಾಪಾಯದ ಸೂಚನೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಕೊನೆಯದಾಗಿ

ಆರಂಭದಲ್ಲಿ ಹೇಳಿದ ತಾಯಿಯ ಸಕ್ಕರೆ ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ಇಳಿಸಲಾಯಿತು. ಹೃದಯದ ಪರೀಕ್ಷೆಯ ಬಳಿಕ 25 ಮೈಕ್ರೊಗ್ರಾಂ ಥೈರಾಕ್ಸಿನ್ ಆರಂಭಿಸಿ ಹಂತಹಂತವಾಗಿ ಏರಿಸಲಾಯಿತು. ನಸುಕಿನ ಬೆವರು ಮತ್ತೆ ಬರಲಿಲ್ಲ. ಆರು ತಿಂಗಳಲ್ಲಿ ಟಿ.ಎಸ್.ಎಚ್. ಸಹಜಕ್ಕೆ ಬಂದಿತು, ಎಚ್‌ಬಿಎ1ಸಿ 7.3ಕ್ಕೆ ಇಳಿಯಿತು. ತೂಕ ಇಳಿದುದು ಮೂರು ಕಿಲೋ ಮಾತ್ರ, ಮಧುಮೇಹವೂ ಹೋಗಲಿಲ್ಲ. ಥೈರಾಯ್ಡ್ ಚಿಕಿತ್ಸೆಯಿಂದ ಮಧುಮೇಹ ವಾಸಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಆ ತಾಯಿ ಮತ್ತೆ ತಮ್ಮ ಕಾಯಕಕ್ಕೆ ಮರಳಿದರು. ಕಳೆದ ತಿಂಗಳು ದಾಸೋಹದ ಮನೆಯಲ್ಲಿ ಇತರ ತಾಯಂದಿರೊಡನೆ ರೊಟ್ಟಿ ಬಡಿಯುತ್ತ ಕುಳಿತಿದ್ದುದನ್ನು ಕಂಡೆವು. ಮಗ ನಮ್ಮ ಬಳಿಗೆ ಬಂದು, "ಸುಮ್ಮನ ಅವ್ವಗ ಬೈದ್ನಿರೀ" ಎಂದ.

ಆ ಮಾತು ಎಲ್ಲ ಮನೆಗಳಿಗೂ ಒಂದು ಪಾಠ. ಮನೆಯಲ್ಲಿ ಮಧುಮೇಹವಿರುವವರು ದಣಿವೆಂದಾಗ, ಚಳಿಯೆಂದಾಗ, ಮೈಯೇ ಏಳುತ್ತಿಲ್ಲವೆಂದಾಗ, ಅವರ ತಟ್ಟೆಯನ್ನು ತಪಾಸಣೆ ಮಾಡುವ ಮೊದಲು ಅವರ ಮಾತನ್ನು ನಂಬಿರಿ. ಮುಂದಿನ ಸಲ ಸಕ್ಕರೆಯ ಪರೀಕ್ಷೆಗೆ ಹೋದಾಗ ಥೈರಾಯ್ಡ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಒಮ್ಮೆ ಕೇಳಿರಿ. ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ ಎಂದು ಹಾರೈಸುತ್ತೇವೆ.